ನಾಲ್ಕೇ ಬಣ್ಣದಲ್ಲಿ ಒಂದು ಮುಖ

ಮುಸ್ಸಂಜೆ ಹೊತ್ತು. ರಸ್ತೆಯ ಆ ತುದಿಯಿಂದ ಯಾರೋ ನಡೆದು ಬರುತ್ತಿದ್ದಾರೆ. ಕಣ್ಣು ಕಾಣುವುದಿಲ್ಲ, ಮೂಗು ಕಾಣುವುದಿಲ್ಲ, ಅಂಗಿಯ ಬಣ್ಣವೂ ಗೊತ್ತಾಗುವುದಿಲ್ಲ. ಆದರೂ ಅದು ನಿಮ್ಮ ಗೆಳೆಯನೇ ಅಂತ ತಿಳಿದುಬಿಡುತ್ತದೆ. ತಲೆ ಒಂಚೂರು ಬಲಕ್ಕೆ ವಾಲಿದೆ, ಒಂದು ಭುಜ ಇಳಿದಿದೆ, ಹಣೆಯ ಮೇಲೆ ಕೂದಲಿನ ಕಪ್ಪು ಒಂದು ಕಡೆ ಜಾಸ್ತಿ ಬಂದಿದೆ. ಗುರುತು ಹಿಡಿಯಲು ಅಷ್ಟು ಸಾಕು.

ಮೊಬೈಲಿನಲ್ಲಿ ಈಚೆಗೆ ಕಾಣುವ ಚಿತ್ರಕಲೆಯ ವಿಡಿಯೊಗಳನ್ನು ನೋಡಿದ್ದೀರಾ? ಕಲಾವಿದರು ಮೂರೋ ನಾಲ್ಕೋ ಬಣ್ಣ ಹಿಂಡಿಕೊಳ್ಳುತ್ತಾರೆ. ದೊಡ್ಡ ಬ್ರಷ್ಷಿನಲ್ಲಿ ಹತ್ತಿಪ್ಪತ್ತು ಸಲ ಎಳೆಯುತ್ತಾರೆ. ನೋಡುನೋಡುತ್ತಿದ್ದಂತೆ ಅಲ್ಲೊಬ್ಬ ಮನುಷ್ಯ ಕೂತಿರುತ್ತಾನೆ. ಅದನ್ನು ನೋಡಿ ನಾವೂ ಬರೆಯೋಣ ಎಂದು ಕೂತರೆ ಮುಖ ರಾಡಿಯಾಗುತ್ತದೆ. 'ನನ್ನ ಕೈಗೆ ಬರಲ್ಲ' ಅಂತ ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆದರೆ ಬಹಳ ಸಲ ತಪ್ಪು ಕೈಯದ್ದಲ್ಲ. ಆ ಚಿತ್ರಗಳ ಹಿಂದೆ ಒಂದು ಲೆಕ್ಕ ಇದೆ. ಅದು ತಿಳಿದರೆ ದಾರಿ ಸುಮಾರು ಸಲೀಸಾಗುತ್ತದೆ.

ಮೊದಲು ಎರಡು ಮಾತುಗಳ ಅರ್ಥ ನೋಡೋಣ. ಬೇಕೆಂದೇ ಮೂರು, ನಾಲ್ಕು ಬಣ್ಣಗಳನ್ನು ಮಾತ್ರ ಇಟ್ಟುಕೊಂಡು, ಉಳಿದ ಎಲ್ಲವನ್ನೂ ಅವುಗಳಿಂದಲೇ ಬೆರೆಸಿಕೊಳ್ಳುವುದಕ್ಕೆ 'ಲಿಮಿಟೆಡ್ ಪ್ಯಾಲೆಟ್' ಎನ್ನುತ್ತಾರೆ. ಕ್ಯಾಮೆರಾ ಹಿಡಿಯುವ ಹಾಗೆ ಎಲ್ಲವನ್ನೂ ಹಿಡಿಯದೆ, ಆ ಮನುಷ್ಯನಲ್ಲಿ ನಮ್ಮನ್ನು ತಟ್ಟಿದ್ದನ್ನು ಮುಂದಕ್ಕೆ ತಂದು, ಉಳಿದದ್ದನ್ನು ಹಿಂದಕ್ಕೆ ಸರಿಸಿ ಬರೆದ ಮುಖಕ್ಕೆ 'ಎಕ್ಸ್‌ಪ್ರೆಸಿವ್ ಪೋರ್ಟ್ರೇಟ್', ಅಂದರೆ ಭಾವ ತುಂಬಿದ ಭಾವಚಿತ್ರ ಎನ್ನುತ್ತಾರೆ.

## ಬಣ್ಣ ರಾಡಿಯಾಗುವುದು ಯಾಕೆ?

ಕೆಂಪು ಬಣ್ಣ ಕೆಂಪಾಗಿ ಕಾಣುವುದು ಹೇಗೆ? ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಂಪಿನ ಪಾಲನ್ನು ಹಿಂದಕ್ಕೆ ಕಳಿಸಿ, ಉಳಿದದ್ದರಲ್ಲಿ ಬಹುಪಾಲನ್ನು ಅದು ನುಂಗಿಕೊಳ್ಳುತ್ತದೆ. ನೀಲಿಯೂ ಹಾಗೆಯೇ, ತನ್ನ ಪಾಲನ್ನು ಬಿಟ್ಟು ಉಳಿದದ್ದನ್ನು ನುಂಗುತ್ತದೆ. ಎರಡನ್ನೂ ಬೆರೆಸಿದರೆ ಇಬ್ಬರೂ ಸೇರಿ ನುಂಗುತ್ತಾರೆ. ಮೂರನೆಯದು ಬಂತು ಅಂದರೆ ಹಿಂದಕ್ಕೆ ಬರುವ ಬೆಳಕು ಇನ್ನೂ ಕಡಿಮೆ. ನಾಲ್ಕೈದು ಟ್ಯೂಬುಗಳ ಬಣ್ಣ ಒಂದೇ ಕಡೆ ಬೆರೆತಾಗ ಹೆಸರೇ ಇಲ್ಲದ ಮಬ್ಬು ಕಂದು ಉಳಿಯುತ್ತದೆ. ಅದನ್ನೇ ನಾವು ರಾಡಿ ಅನ್ನುವುದು.

24 ಬಣ್ಣದ ಪೆಟ್ಟಿಗೆ ತೆರೆದಾಗ ಆಗುವುದೂ ಇದೇ. ಕೆನ್ನೆಗೆ ಒಂದು ಗುಲಾಬಿ, ಹಣೆಗೆ ಇನ್ನೊಂದು ಕಂದು, ನೆರಳಿಗೆ ಮತ್ತೊಂದು ನೇರಳೆ. ಒಂದೊಂದೂ ಚೆನ್ನಾಗಿಯೇ ಇರುತ್ತದೆ. ಅಕ್ಕಪಕ್ಕ ಬಂದಾಗ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲದ ಅಪರಿಚಿತರ ಹಾಗೆ ನಿಲ್ಲುತ್ತವೆ. ನಾಲ್ಕೇ ಬಣ್ಣ ಇದ್ದಾಗ ಹಣೆಯಲ್ಲಿರುವ ಹಳದಿ ಗದ್ದದ ನೆರಳಿನಲ್ಲೂ ಇರುತ್ತದೆ, ತುಟಿಯ ಕೆಂಪು ಹಿನ್ನೆಲೆಯಲ್ಲೂ ಒಂಚೂರು ಇರುತ್ತದೆ. ಒಂದೇ ಮನೆಯ ಅಣ್ಣತಮ್ಮಂದಿರ ಮುಖದಲ್ಲಿ ಒಂದು ಹೋಲಿಕೆ ಇರುತ್ತದಲ್ಲ, ಹಾಗೆ. ಅವನ್ನು ಹೊಂದಿಸಲು ನಾವು ಬೇರೆ ಕಷ್ಟಪಡಬೇಕಿಲ್ಲ.

## ಮುಖ ಗುರುತಾಗುವುದು ಬಣ್ಣದಿಂದಲ್ಲ

ಇಡೀ ವಿಷಯದ ಬೇರು ಇಲ್ಲಿದೆ. ಇದೊಂದು ಮನಸ್ಸಿಗೆ ಹತ್ತಿದರೆ ಉಳಿದದ್ದು ತಾನಾಗಿ ಬರುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಯಾವುದೇ ಬಣ್ಣದ ಗುಣಗಳಲ್ಲಿ ಎರಡನ್ನು ಇಲ್ಲಿ ನೋಡೋಣ. ಒಂದು, ಅದು ಕೆಂಪೋ ಹಸಿರೋ ನೀಲಿಯೋ ಅನ್ನುವುದು. ಇನ್ನೊಂದು, ಅದು ಎಷ್ಟು ಬೆಳಗಿದೆ, ಎಷ್ಟು ಕಪ್ಪಗಿದೆ ಅನ್ನುವುದು. ಈ ಎರಡನೆಯದನ್ನು ಕಲಾವಿದರು 'ವ್ಯಾಲ್ಯೂ' ಅನ್ನುತ್ತಾರೆ. ನಾವು ಬೆಳಕಿನ ಮಟ್ಟ ಅನ್ನೋಣ. ನಿಮ್ಮ ಮೊಬೈಲಿನಲ್ಲಿ ಒಂದು ಬಣ್ಣದ ಫೋಟೊ ತೆಗೆದು ಕಪ್ಪುಬಿಳುಪು ಮಾಡಿ ನೋಡಿ. ಬಣ್ಣವೆಲ್ಲ ಹೋಗಿ ಬೆಳಕಿನ ಮಟ್ಟ ಮಾತ್ರ ಉಳಿಯುತ್ತದೆ. ಎಲೆಯ ಹಸಿರು, ಬಟ್ಟೆಯ ಕೆಂಪು ಎರಡೂ ಒಂದೇ ಬೂದಿಯಾಗಿ ಕಂಡರೂ ಕಾಣಬಹುದು. ಆದರೆ ಫೋಟೊದಲ್ಲಿರುವವರು ಯಾರು ಅನ್ನುವುದು ಮಾತ್ರ ಎಲ್ಲೂ ಹೋಗಿರುವುದಿಲ್ಲ.

ಈಗ ಅದೇ ಫೋಟೊವನ್ನು ನೆಗೆಟಿವ್ ಮಾಡಿ. ಬಿಳಿ ಇದ್ದಲ್ಲಿ ಕಪ್ಪು, ಕಪ್ಪು ಇದ್ದಲ್ಲಿ ಬಿಳಿ. ಒಂದು ಗೆರೆಯೂ ಅಲುಗಿಲ್ಲ, ಮೂಗು ಮೂಗಿನ ಜಾಗದಲ್ಲೇ ಇದೆ. ಆದರೂ ತೀರಾ ಪರಿಚಯದವರನ್ನೇ ಗುರುತು ಹಿಡಿಯಲು ತಡವರಿಸುತ್ತೇವೆ. ಬಣ್ಣ ತೆಗೆದರೆ ಮುಖ ಉಳಿಯುತ್ತದೆ, ಬೆಳಕಿನ ಮಟ್ಟ ಕೆಡಿಸಿದರೆ ಮುಖ ಕಳೆದುಹೋಗುತ್ತದೆ.

ವಿಜ್ಞಾನಿಗಳೂ ಇದನ್ನು ಬೇರೆ ಬೇರೆ ದಾರಿಯಿಂದ ನೋಡಿದ್ದಾರೆ. ಕೆನಡಾದ ಮನೋವಿಜ್ಞಾನಿ ಕ್ರೇಗ್ ಮೂನಿ 1957ರಲ್ಲಿ ಮಕ್ಕಳಿಗೆ ಕೆಲವು ಚಿತ್ರ ತೋರಿಸಿದರು. ಅವುಗಳಲ್ಲಿ ಬೂದಿ ಬಣ್ಣವೂ ಇರಲಿಲ್ಲ, ಬರೀ ಕಪ್ಪು ತೇಪೆ, ಬಿಳಿ ತೇಪೆ. ಕಣ್ಣಿಗೆ ಗೆರೆಯಿಲ್ಲ, ಮೂಗಿಗೆ ಗೆರೆಯಿಲ್ಲ. ಆದರೂ ನೋಡುತ್ತ ಇದ್ದರೆ ಆ ತೇಪೆಗಳಿಂದ ಮುದುಕನೋ ಹುಡುಗಿಯೋ ತಟ್ಟನೆ ಎದ್ದು ಬರುತ್ತಾರೆ. 1973ರಲ್ಲಿ ಅಮೆರಿಕದ ಸಂಶೋಧಕ ಲಿಯಾನ್ ಹಾರ್ಮನ್ ಅಬ್ರಹಾಂ ಲಿಂಕನ್ ಅವರ ಮುಖವನ್ನು ದೊಡ್ಡ ದೊಡ್ಡ ಬೂದಿ ಚೌಕಗಳಾಗಿ ಒಡೆದು ತೋರಿಸಿದರು. ಹತ್ತಿರದಿಂದ ಅದು ಬರೀ ಚೌಕಗಳ ರಾಶಿ. ಕಣ್ಣು ಅರ್ಧ ಮುಚ್ಚಿಕೊಂಡರೆ, ಇಲ್ಲವೇ ದೂರ ಹೋಗಿ ನಿಂತರೆ, ಅಲ್ಲಿ ಲಿಂಕನ್ ಇದ್ದಾರೆ.

ಬೆಳಕಿನ ಮಟ್ಟ ಸರಿಯಾಗಿದ್ದರೆ ಬಣ್ಣದ ವಿಷಯದಲ್ಲಿ ನಮಗೆ ಸ್ವಾತಂತ್ರ್ಯ ಸಿಗುತ್ತದೆ. ಇದನ್ನು ತುಂಬ ಧೈರ್ಯದಿಂದ ಬಳಸಿದವರು ಫ್ರಾನ್ಸಿನ ಹೆನ್ರಿ ಮತೀಸ್. 1905ರಲ್ಲಿ ಅವರು ತಮ್ಮ ಹೆಂಡತಿಯ ಮುಖ ಬರೆದರು. ಹಣೆಯಿಂದ ಹಿಡಿದು ಮೂಗಿನ ಮೇಲೆ ಹಾದು ಕೆಳಗಿನವರೆಗೆ ಒಂದು ಹಸಿರು ಪಟ್ಟೆ. ಹೇಳಿದರೆ ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಚಿತ್ರ ನೋಡಿದರೆ ಅದು ಮುಖವನ್ನು ಕೆಡಿಸುವುದಿಲ್ಲ. ಮುಖದ ಒಂದು ಬದಿ ಬೆಳಕಿಗೆ, ಇನ್ನೊಂದು ಬದಿ ನೆರಳಿಗೆ ತಿರುಗುವ ಜಾಗದಲ್ಲೇ ಆ ಪಟ್ಟೆ ಕೂತಿದೆ. ನೆರಳು ಮಾಡಬೇಕಾದ ಕೆಲಸವನ್ನು ಹಸಿರು ಮಾಡುತ್ತಿದೆ. ಆ ಚಿತ್ರ ಈಗ ಕೋಪನ್‌ಹೇಗನ್ನಿನ ಮ್ಯೂಸಿಯಂನಲ್ಲಿದೆ. ಅದೇ ವರ್ಷ ಪ್ಯಾರಿಸ್ಸಿನ ಪ್ರದರ್ಶನವೊಂದರಲ್ಲಿ ಮತೀಸ್ ಮತ್ತು ಅವರ ಗೆಳೆಯರ ಬಣ್ಣಗಳನ್ನು ಕಂಡ ವಿಮರ್ಶಕರೊಬ್ಬರು ಬಳಸಿದ 'ಕಾಡುಪ್ರಾಣಿಗಳು' ಎಂಬ ಮಾತು, ಮುಂದೆ ಆ ಪಂಥದ ಹೆಸರೇ ಆಯಿತು.

## ಯಾವ ನಾಲ್ಕು ಬಣ್ಣ?

ಬಿಳಿ, ಹಳದಿ, ಕೆಂಪು, ಕಪ್ಪು. ಈ ನಾಲ್ಕರ ಕೂಟ ಬಹಳ ಹಳೆಯದು. ಗ್ರೀಸಿನ ದೊಡ್ಡ ಚಿತ್ರಕಾರ ಅಪೆಲಿಸ್ ಮತ್ತು ಅವನ ಕಾಲದ ಕೆಲವರು ಈ ನಾಲ್ಕರಲ್ಲೇ ಬರೆಯುತ್ತಿದ್ದರು ಎಂದು ರೋಮಿನ ಬರಹಗಾರ ಪ್ಲೀನಿ ಮೊದಲನೆಯ ಶತಮಾನದಲ್ಲಿ ಬರೆದಿಟ್ಟಿದ್ದಾನೆ. ಈಜಿಪ್ಟಿನ ಫಯೂಮ್ ಪ್ರದೇಶದಲ್ಲಿ ಸತ್ತವರ ಮುಖವನ್ನು ಮರದ ಹಲಗೆಯ ಮೇಲೆ ಬರೆದು ಮಮ್ಮಿಗಳಿಗೆ ಕಟ್ಟುತ್ತಿದ್ದರು. ಸುಮಾರು ಎರಡು ಸಾವಿರ ವರ್ಷ ಹಳೆಯ ಆ ಮುಖಗಳಲ್ಲಿ ಅನೇಕವು ಮುಖ್ಯವಾಗಿ ಈ ನಾಲ್ಕು ಬಣ್ಣಗಳವೇ. ದೊಡ್ಡ ಕಣ್ಣು ಬಿಟ್ಟು ಅವು ಇವತ್ತಿಗೂ ನಮ್ಮನ್ನೇ ನೋಡುತ್ತಿರುವ ಹಾಗಿವೆ.

ಇವತ್ತಿನ ಕಲಾವಿದರು ಇದನ್ನು ಕರೆಯುವುದು 'ಜೋರ್ನ್ ಪ್ಯಾಲೆಟ್' ಎಂದು. ಆಂಡರ್ಸ್ ಜೋರ್ನ್ (1860–1920) ಸ್ವೀಡನ್ನಿನ ಭಾವಚಿತ್ರಕಾರರು. 1896ರಲ್ಲಿ ತಮ್ಮನ್ನೇ ಬರೆದುಕೊಂಡ ಚಿತ್ರವೊಂದರಲ್ಲಿ ಅವರು ಕೈಯಲ್ಲಿ ಪ್ಯಾಲೆಟ್, ಅಂದರೆ ಬಣ್ಣ ಬೆರೆಸುವ ಹಲಗೆ ಹಿಡಿದಿದ್ದಾರೆ, ಅದರ ಮೇಲೆ ಇರುವುದು ಈ ನಾಲ್ಕೇ. ಹಾಗಂತ ಜೀವನವಿಡೀ ಬೇರೆ ಬಣ್ಣ ಮುಟ್ಟಲಿಲ್ಲ ಅಂತಲ್ಲ. ಬೇಕಾದಾಗ ನೀಲಿಯನ್ನೂ ಹಸಿರನ್ನೂ ಬಳಸಿದ್ದಾರೆ. ಮುಖಗಳಿಗೆ ಮಾತ್ರ ಈ ನಾಲ್ಕು ಅವರಿಗೆ ಧಾರಾಳವಾಗಿ ಸಾಕಾಗುತ್ತಿತ್ತು. ಈಗ ಅಂಗಡಿಯಲ್ಲಿ ಕೇಳುವುದಾದರೆ ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಕ್ಯಾಡ್ಮಿಯಂ ರೆಡ್ ಲೈಟ್, ಐವರಿ ಬ್ಲಾಕ್ ಎಂದು ಕೇಳಿ. ಆಯಿಲ್ ಆದರೂ ಸರಿ, ಅಕ್ರಿಲಿಕ್ ಆದರೂ ಸರಿ.

'ನೀಲಿಯೇ ಇಲ್ವಲ್ಲ, ಹಸಿರು ಎಲ್ಲಿಂದ ತರೋದು?' ಅನ್ನುವ ಪ್ರಶ್ನೆ ಬರುತ್ತದೆ. ಉತ್ತರ ಕಪ್ಪಿನಲ್ಲಿದೆ. ಐವರಿ ಬ್ಲಾಕ್ ಪೂರ್ತಿ ಕಪ್ಪಲ್ಲ, ಅದರೊಳಗೆ ನೀಲಿಯ ಕಡೆಗೆ ಒಂದು ಒಲವಿದೆ. ಹೆಬ್ಬೆರಳಿನ ಉಗುರಿನಷ್ಟು ಹಳದಿ ಓಕರ್ ಹಾಕಿಕೊಳ್ಳಿ. ಬೆಂಕಿಕಡ್ಡಿಯ ತಲೆಯಷ್ಟೇ ಕಪ್ಪನ್ನು ಅದರ ಅಂಚಿಗೆ ತಾಗಿಸಿ, ನಿಧಾನವಾಗಿ ಬೆರೆಸುತ್ತ ಬನ್ನಿ. ಹಳದಿ ಮೊದಲು ಮಂಕಾಗುತ್ತದೆ. ಆಮೇಲೆ ಒಂದು ಗಳಿಗೆಯಲ್ಲಿ ಗೋಡೆಯ ಮೇಲಿನ ಪಾಚಿಯ ಹಸಿರು ಬ್ರಷ್ಷಿನಡಿಯಿಂದ ಹೊರಬರುತ್ತದೆ. ನಾನು ಮೊದಲ ಸಲ ಇದನ್ನು ನೋಡಿದ ದಿನ ಚಿತ್ರ ಬರೆಯುವುದನ್ನೇ ಬಿಟ್ಟು ಸುಮ್ನೆ ಬೆರೆಸುತ್ತ ಕೂತಿದ್ದೆ.

ಇನ್ನು ಕಪ್ಪಿಗೆ ಬಿಳಿ ಬೆರೆಸಿದರೆ ಬೂದಿ. ಅದೇ ಬೂದಿಯನ್ನು ಕಿತ್ತಳೆ ಬಣ್ಣದ ಕೆನ್ನೆಯ ಪಕ್ಕದಲ್ಲಿಟ್ಟು ನೋಡಿ, ನೀಲಿಯಾಗಿ ಕಾಣುತ್ತದೆ. ಇದು ಕಣ್ಣು ಮಾಡುವ ಕೆಲಸ. ಪಕ್ಕದ ಬಣ್ಣ ಯಾವುದೋ ಅದಕ್ಕೆ ಎದುರಾದ ಬಣ್ಣದ ಕಡೆಗೆ ಬೂದಿ ವಾಲಿದ ಹಾಗೆ ನಮಗೆ ತೋರುತ್ತದೆ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಷೆವ್ರಲ್ ಇದನ್ನು ಕೂಲಂಕಷವಾಗಿ ಗಮನಿಸಿ 1839ರಲ್ಲಿ ಪುಸ್ತಕವನ್ನೇ ಬರೆದರು. ನೂಲಿನ ಕಪ್ಪು ಮಂಕಾಗಿದೆ ಎಂಬ ದೂರು ಬಂದಾಗ ಹುಡುಕುತ್ತ ಹೋದವರಿಗೆ ತಿಳಿದದ್ದು, ತಪ್ಪು ನೂಲಿನದ್ದಲ್ಲ, ಪಕ್ಕದ ಬಣ್ಣದ್ದು ಅಂತ. ಕಡಿಮೆ ಬಣ್ಣದಲ್ಲಿ ಬರೆಯುವವರಿಗೆ ಇದು ದೊಡ್ಡ ಆಸರೆ. ಟ್ಯೂಬಿನಲ್ಲಿ ಇಲ್ಲದ ಬಣ್ಣ ನೋಡುವವರ ಕಣ್ಣಿನಲ್ಲಿ ಹುಟ್ಟುತ್ತದೆ.

## ಚರ್ಮದ ಬಣ್ಣ

'ಸ್ಕಿನ್ ಕಲರ್' ಎಂದು ಬರೆದ ಟ್ಯೂಬನ್ನು ದಯವಿಟ್ಟು ಪಕ್ಕಕ್ಕಿಡಿ. ಮನುಷ್ಯರ ಚರ್ಮ ಬಿಳಿಚಿಕೊಂಡಿರಲಿ, ಗೋಧಿ ಬಣ್ಣವಿರಲಿ, ಕಪ್ಪಾಗಿರಲಿ, ಎಲ್ಲವೂ ಕಿತ್ತಳೆಯ ಮನೆತನದವೇ. ಹಳದಿಗೆ ಕೆಂಪು ಬೆರೆಸಿ ಕಿತ್ತಳೆ ಮಾಡಿಕೊಳ್ಳಿ. ಅದಕ್ಕೆ ಬಿಳಿ ಸೇರಿಸಿದರೆ ತಿಳಿ ಬಣ್ಣದ ಚರ್ಮ, ಕಪ್ಪು ಸೇರಿಸಿದರೆ ಕಂದು. ನಾವು ಕಂದು ಅನ್ನುವುದೇ ಬೆಳಕು ಕಡಿಮೆಯಾದ ಕಿತ್ತಳೆಯನ್ನು.

ಎರಡು ಕಡೆ ಜೋಪಾನ. ಬಿಳಿ ಜಾಸ್ತಿಯಾದರೆ ಮುಖ ಸುಣ್ಣ ಬಳಿದ ಹಾಗೆ ತಣ್ಣಗಾಗುತ್ತದೆ. ಬೆಳಕು ಏರಿಸುವಾಗ ಬಿಳಿಯ ಜೊತೆ ಚೂರು ಹಳದಿಯನ್ನೂ ಸೇರಿಸಬೇಕು. ಹಾಗೆಯೇ ನೆರಳಿಗೆ ಬರೀ ಕಪ್ಪು ಸುರಿದರೆ ಚರ್ಮ ಸತ್ತುಹೋಗುತ್ತದೆ, ಅದರ ಜೊತೆ ಕೆಂಪು ಇರಲೇಬೇಕು. ಕಪ್ಪು ಚರ್ಮದವರನ್ನು ಬರೆಯುವಾಗ ಹೊಳಪಿನ ಮೇಲೆ ಕಣ್ಣಿಡಿ. ಹಣೆ, ಕೆನ್ನೆಯ ಮೂಳೆ, ಮೂಗಿನ ತುದಿಯಲ್ಲಿ ಮಿಂಚುವ ಹೊಳಪಿಗೆ ಚರ್ಮದ ಬಣ್ಣಕ್ಕಿಂತ ಎದುರಿಗಿರುವ ಬೆಳಕಿನ ಬಣ್ಣವೇ ಜಾಸ್ತಿ. ಆಕಾಶದ ಬೆಳಕು ಬರುವ ಕಿಟಕಿಯಿದ್ದರೆ ಆ ಹೊಳಪು ನೀಲಿ ಬೂದಿಯಾಗಿರುತ್ತದೆ.

ಕಲಾವಿದರು ಕೈಯಿಂದ ಕೈಗೆ ದಾಟಿಸಿಕೊಂಡು ಬಂದ ಒಂದು ಗುಟ್ಟೂ ಇದೆ. ಹಣೆ ಸ್ವಲ್ಪ ಹಳದಿಗೆ, ಕೆನ್ನೆ, ಮೂಗು, ಕಿವಿ ಕೆಂಪಿಗೆ, ದವಡೆ ಬೂದಿಗೆ ವಾಲುತ್ತವೆ. ಮುಖದ ನಡುವಿನಲ್ಲಿ ರಕ್ತನಾಳಗಳು ಚರ್ಮಕ್ಕೆ ಹತ್ತಿರ. ಕ್ಷೌರ ಮಾಡಿದ ಗದ್ದದಲ್ಲಿ ಕೂದಲಿನ ಬೇರು ಚರ್ಮದಡಿ ಕಪ್ಪಗೆ ಕಾಣುತ್ತದೆ. ಎಲ್ಲರಲ್ಲೂ ಹೀಗೇ ಇರಬೇಕೆಂದಿಲ್ಲ. ಆದರೆ ಮುಖ ಚಪ್ಪಟೆಯಾಗಿ ಕಂಡಾಗ ಈ ಮೂರು ಪಟ್ಟಿಯನ್ನು ಒಂಚೂರು ಸೂಚಿಸಿ ನೋಡಿ.

## ಸರಳ ಮಾಡುವುದು ಅಂದರೆ ಏನು?

ಕೆಲವು ವರ್ಷಗಳ ಹಿಂದೆ ಅಜ್ಜಿಯ ಚಿತ್ರ ಬರೆಯಲು ಕೂತಿದ್ದೆ. ಎದುರಿಗೆ ಫೋಟೊ, ಕೈಯಲ್ಲಿ ಸಣ್ಣ ಬ್ರಷ್. ಹಣೆಯ ಒಂದೊಂದು ಸುಕ್ಕು, ಕಣ್ಣಿನ ಅಂಚಿನ ಒಂದೊಂದು ಗೆರೆ, ಯಾವುದನ್ನೂ ಬಿಡಲಿಲ್ಲ. ಮೂರು ದಿನ ಹಿಡಿಯಿತು. ಮುಗಿಸಿ ದೂರ ನಿಂತು ನೋಡಿದರೆ ಮುದ್ದೆ ಮಾಡಿ ಬಿಡಿಸಿದ ಕಾಗದದ ಹಾಗಿತ್ತು. ಯಾರೋ ಒಬ್ಬ ಮುದುಕಿ, ನನ್ನ ಅಜ್ಜಿ ಅಲ್ಲ.

ಮರುದಿನ ಫೋಟೊ ಮಗುಚಿಟ್ಟೆ. ಕಣ್ಣು ಮುಚ್ಚಿ ಅಜ್ಜಿಯನ್ನು ನೆನೆದಾಗ ಸುಕ್ಕು ಒಂದೂ ನೆನಪಿಗೆ ಬರಲಿಲ್ಲ. ಬಂದದ್ದು ಮೂರೇ. ಎಡಗಣ್ಣಿನ ರೆಪ್ಪೆ ಸ್ವಲ್ಪ ಜೋತುಬಿದ್ದದ್ದು, ಕೆಳತುಟಿಯನ್ನು ಒಳಗೆ ಎಳೆದುಕೊಂಡಿರುತ್ತಿದ್ದದ್ದು, ಕಿವಿ ಮಂದವಾದ ಮೇಲೆ ತಲೆಯನ್ನು ಬಲಕ್ಕೆ ವಾಲಿಸಿ ಮಾತು ಕೇಳುತ್ತಿದ್ದದ್ದು. ಹಲಗೆಯ ಹಿಂಬದಿಯಲ್ಲಿ ಎರಡು ಬೆರಳಗಲದ ಬ್ರಷ್ಷಿನಿಂದ ಆ ಮೂರನ್ನೇ ಬರೆದೆ. ಬಲಗಣ್ಣನ್ನು ಬಿಡಿಸಲೇ ಇಲ್ಲ, ನೆರಳಿನಲ್ಲಿ ಕರಗಲು ಬಿಟ್ಟೆ. ಒಂದು ಗಂಟೆಯೂ ಆಗಿರಲಿಲ್ಲ. ಅಮ್ಮ ಬಂದವರು ಬಾಗಿಲಲ್ಲೇ ನಿಂತರು. 'ಅಮ್ಮ ಏನೋ ಕೇಳಿಸ್ಕೊಳ್ತಾ ಇದ್ದಾಳೆ, ಅಲ್ವಾ' ಅಂದರು.

ಸರಳ ಮಾಡುವುದು ಅಂದರೆ ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಮೊದಲೇ ತೀರ್ಮಾನಿಸುವುದು. ಕೈಯ ಕೆಲಸ ಕಡಿಮೆಯಾಗುತ್ತದೆ ನಿಜ, ನೋಡುವ ಕೆಲಸ ಜಾಸ್ತಿಯಾಗುತ್ತದೆ.

ನೋಡುವುದಕ್ಕೆ ತುಂಬ ಹಳೆಯ ಉಪಾಯವೆಂದರೆ ಕಣ್ಣನ್ನು ಅರ್ಧ ಮುಚ್ಚುವುದು. ರೆಪ್ಪೆಗೂದಲು, ಸುಕ್ಕು, ಮೀಸೆಯ ಎಳೆ ಎಲ್ಲ ಮಾಯವಾಗಿ, ಬೆಳಕಿನ ಒಂದು ದೊಡ್ಡ ಆಕಾರ, ನೆರಳಿನ ಒಂದು ದೊಡ್ಡ ಆಕಾರ ಉಳಿಯುತ್ತವೆ. ಹುಬ್ಬು, ಕಣ್ಣಿನ ಗುಳಿ, ಮೂಗಿನ ಪಕ್ಕ, ಕೆನ್ನೆಯ ಅಂಚು ಇವೆಲ್ಲ ಒಂದೇ ನೆರಳಾಗಿ ಕೂಡಿಕೊಂಡಿರುತ್ತವೆ. ಅದನ್ನು ಹಾಗೇ ಒಂದೇ ಆಕಾರವಾಗಿ ಬಳಿಯಿರಿ. ಕಣ್ಣು, ಮೂಗು ಅಂತ ಹೆಸರು ಹಿಡಿದು ಬೇರೆ ಬೇರೆ ಬರೆಯುವ ಆಸೆಯನ್ನು ತಡೆದುಕೊಳ್ಳಬೇಕು. ಕಲಿಯುವವರಿಗೆ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

ಅಳತೆ ಮಾತ್ರ ಒಂದೆರಡು ಗೊತ್ತಿರಲಿ. ಮೊದಲ ಸಲ ಬರೆಯುವವರು ಸಾಮಾನ್ಯವಾಗಿ ಕಣ್ಣನ್ನು ತುಂಬ ಮೇಲೆ ಇಡುತ್ತಾರೆ. ದೊಡ್ಡವರಲ್ಲಿ ನೆತ್ತಿಯಿಂದ ಗದ್ದದವರೆಗೆ ಅಳೆದರೆ ಕಣ್ಣು ಇರುವುದು ಹೆಚ್ಚುಕಡಿಮೆ ಸರಿಯಾಗಿ ನಡುವೆ. ಎರಡು ಕಣ್ಣುಗಳ ನಡುವಿನ ಜಾಗ ಸುಮಾರು ಒಂದು ಕಣ್ಣಿನಷ್ಟು. ಇದು ಹೊರಡುವ ಜಾಗ. ನಿಮ್ಮ ಎದುರಿಗಿರುವವರು ಈ ಅಳತೆಯಿಂದ ಎಲ್ಲಿ ಸರಿಯುತ್ತಾರೋ ಅವರ ಗುರುತು ಅಲ್ಲೇ ಇರುತ್ತದೆ.

## ಭಾವ ಎಲ್ಲಿಂದ ಬರುತ್ತದೆ?

ಆ ಸರಿದ ಜಾಗವನ್ನು ಇನ್ನೊಂದಿಷ್ಟು ತಳ್ಳುವುದರಿಂದ. ಇಟಲಿಯ ಮೊದಿಲ್ಯಾನಿ ಬರೆದ ಮುಖಗಳಲ್ಲಿ ಕುತ್ತಿಗೆ ಉದ್ದ, ಮುಖ ಉದ್ದ. ಅಂಥ ಕುತ್ತಿಗೆ ಯಾರಿಗೂ ಇರುವುದಿಲ್ಲ. ಆದರೂ ಆ ಹೆಂಗಸರ ಒಂಟಿತನ ಆ ಉದ್ದದಿಂದಲೇ ನಮಗೆ ಮುಟ್ಟುತ್ತದೆ. ಪಿಕಾಸೊ 1901ರಿಂದ 1904ರವರೆಗೆ ಬಹುಪಾಲು ನೀಲಿಯಲ್ಲೇ ಬರೆದರು. ಅದು ಶುರುವಾದದ್ದು ಆಪ್ತ ಗೆಳೆಯನೊಬ್ಬ ಸತ್ತ ವರ್ಷ. ಬಣ್ಣವನ್ನು ಅಷ್ಟು ಕಡಿಮೆ ಮಾಡಿದಾಗ ಉಳಿದ ಒಂದು ಬಣ್ಣವೇ ಇಡೀ ಚಿತ್ರದ ಮನಸ್ಥಿತಿಯಾಗುತ್ತದೆ.

ಅಂಚುಗಳೂ ಮಾತಾಡುತ್ತವೆ. ಕೆನ್ನೆ ಹಿನ್ನೆಲೆಗೆ ಸೇರುವ ಕಡೆ ಚೂಪಾದ ಅಂಚು ಇಟ್ಟರೆ ಕಣ್ಣು ಅಲ್ಲಿ ನಿಲ್ಲುತ್ತದೆ, ಒಣ ಬ್ರಷ್ಷಿನಿಂದ ಸವರಿ ಕರಗಿಸಿದರೆ ಕಣ್ಣು ಜಾರಿ ಮುಂದಕ್ಕೆ ಹೋಗುತ್ತದೆ. ಸುತ್ತಲೂ ಒಂದೇ ಸಮ ಚೂಪಾಗಿದ್ದರೆ ಮುಖ ಕತ್ತರಿಸಿ ಅಂಟಿಸಿದ ಹಾಗಿರುತ್ತದೆ. ಮುಖ್ಯ ಅನ್ನಿಸಿದ ಎರಡು ಮೂರು ಕಡೆ ಚೂಪು, ಉಳಿದ ಕಡೆ ಮೆದು. ತುಟಿಯ ಕೊನೆ ಅಂಥ ಒಂದು ಜಾಗ. ಅಲ್ಲಿ ಒಂದು ಕೂದಲೆಳೆ ಮೇಲೆ ಹೋದರೆ ನಗು, ಕೆಳಗೆ ಬಂದರೆ ಬೇಸರ.

## ಕೂತು ಬರೆಯುವಾಗ

ಒಂದೇ ಕಡೆಯಿಂದ ಬೆಳಕು ಬೀಳುವ ಮುಖವನ್ನು ಆರಿಸಿಕೊಳ್ಳಿ. ಎದುರಿನಿಂದ ಫ್ಲಾಶ್ ಬಿದ್ದ ಫೋಟೊ ಬೇಡ, ಅದರಲ್ಲಿ ನೆರಳೇ ಇರುವುದಿಲ್ಲ. ಮೊದಲು ಬೆಂಕಿಪೆಟ್ಟಿಗೆ ಗಾತ್ರದ ಒಂದು ಚಿಕ್ಕ ಚಿತ್ರ, ಬರೀ ಕಪ್ಪು, ಬಿಳಿ, ನಡುವಿನ ಒಂದು ಬೂದಿಯಲ್ಲಿ. ಅದರಲ್ಲೇ ಮುಖ ಸಿಕ್ಕರೆ ದೊಡ್ಡದರಲ್ಲಿ ಸಿಕ್ಕೇ ಸಿಗುತ್ತದೆ.

ಆಮೇಲೆ ಮೂರು ಮಟ್ಟದ ಬಣ್ಣ ಮೊದಲೇ ಬೆರೆಸಿಟ್ಟುಕೊಳ್ಳಿ. ಬೆಳಕಿನದ್ದು, ನಡುವಿನದ್ದು, ನೆರಳಿನದ್ದು. ಒಂದೊಂದನ್ನೂ ಧಾರಾಳವಾಗಿ. ನಡುವೆ ಮುಗಿದುಹೋದರೆ ಅದೇ ಬಣ್ಣ ಮತ್ತೆ ಬೆರೆಸುವುದು ಕಷ್ಟ. ಅಕ್ರಿಲಿಕ್ ಒಣಗಿದ ಮೇಲೆ ಸ್ವಲ್ಪ ಕಪ್ಪಾಗುತ್ತದೆ, ಹಾಗಾಗಿ ಒಂದು ಗೀಟು ಎಳೆದು ಒಣಗಿಸಿ ನೋಡಿ. ನೀರಿನ ಬಣ್ಣದಲ್ಲಿ ಇದು ಉಲ್ಟಾ, ಒಣಗಿದಾಗ ಬಣ್ಣ ತಿಳಿಯಾಗುತ್ತದೆ.

ನಿಮ್ಮಲ್ಲಿರುವ ದೊಡ್ಡ ಬ್ರಷ್ಷನ್ನೇ ಹಿಡಿಯಿರಿ. ಅದರಿಂದ ರೆಪ್ಪೆಗೂದಲು ಬರೆಯಲು ಆಗುವುದಿಲ್ಲ, ನಮಗೆ ಬೇಕಾದದ್ದೂ ಅದೇ. ಮೊದಲು ನೆರಳಿನ ಆಕಾರ, ಆಮೇಲೆ ನಡುವಿನದ್ದು, ಕೊನೆಗೆ ಬೆಳಕು. ತೀರಾ ಹೊಳೆಯುವ ಒಂದೋ ಎರಡೋ ಚುಕ್ಕಿಗಳನ್ನು ಎಲ್ಲಕ್ಕಿಂತ ಕೊನೆಗೆ ಉಳಿಸಿಕೊಳ್ಳಿ. ಒಂದು ಸಲ ಇಟ್ಟ ಬಣ್ಣವನ್ನು ಮತ್ತೆ ಮತ್ತೆ ಉಜ್ಜಬೇಡಿ. ಸರಿಯಿಲ್ಲ ಅನ್ನಿಸಿದರೆ ಕೆರೆದು ತೆಗೆದು ಹೊಸದಾಗಿ ಇಡಿ. ಆಗಾಗ ಮೊಬೈಲಿನಲ್ಲಿ ನಿಮ್ಮ ಚಿತ್ರದ್ದೇ ಫೋಟೊ ತೆಗೆದು ಕಪ್ಪುಬಿಳುಪು ಮಾಡಿ ನೋಡಿ. ಬಣ್ಣದಲ್ಲಿ ಚೆಂದ ಕಂಡು ಕಪ್ಪುಬಿಳುಪಿನಲ್ಲಿ ಮುಖ ಕಾಣಿಸದಿದ್ದರೆ, ತೊಂದರೆ ಎಲ್ಲಿದೆ ಅಂತ ಈಗ ನಿಮಗೆ ಗೊತ್ತು.

ನಿಲ್ಲಿಸುವುದು ಯಾವಾಗ ಅಂತ ಎಲ್ಲರೂ ಕೇಳುತ್ತಾರೆ. ಕೋಣೆಯ ಆ ತುದಿಯಲ್ಲಿ ಚಿತ್ರ ಇಟ್ಟು, ದೀಪ ಆರಿಸಿ, ಮುಸ್ಸಂಜೆಯ ಬೆಳಕಿನಲ್ಲಿ ನೋಡಿ. ಯಾರು ಅಂತ ಗೊತ್ತಾಯಿತೇ? ಹಾಗಾದರೆ ಬ್ರಷ್ ಕೆಳಗಿಡಿ. ಪ್ಯಾಲೆಟ್ ಮೇಲೆ ಉಳಿದ ಬಣ್ಣವನ್ನು ಎಸೆಯಬೇಡಿ. ನಾಲ್ಕೇ ಬಣ್ಣದಿಂದ ಬಂದದ್ದಾದ್ದರಿಂದ ಎಲ್ಲವನ್ನೂ ಒಟ್ಟಿಗೆ ಕೆರೆದು ಕಲಸಿದರೂ ಒಂದು ಮೆತ್ತನೆಯ ಬೂದಿ ಸಿಗುತ್ತದೆ. ಅದನ್ನು ಇನ್ನೊಂದು ಹಲಗೆಯ ಮೇಲೆ ತೆಳುವಾಗಿ ಬಳಿದು ಒಣಗಲು ಬಿಡಿ. ನಾಳೆ ಬರೆಯುವ ಮುಖಕ್ಕೆ ಹಿನ್ನೆಲೆ ಆಗಲೇ ತಯಾರಾಗಿರುತ್ತದೆ.